ಮಾಡೆಲ್ ಕಾರಿನ ಕ್ಲೋಸಪ್ ಫೋಟೋ: ಫೋನ್ ಸಾಕೇ, ಮ್ಯಾಕ್ರೋ ಲೆನ್ಸ್ ಬೇಕೇ?

ಅಂಗೈಯಲ್ಲಿ ಕೂರುವ ಕಾರು ಕಣ್ಣಿಗೆ ಎಷ್ಟು ಚೆನ್ನಾಗಿ ಕಾಣುತ್ತದೆ ಅಲ್ವಾ? ಗ್ರಿಲ್ಲಿನ ಗೆರೆ, ಬಾಗಿಲ ಸಂದು, ಚಕ್ರದ ಕಡ್ಡಿ, ಎಲ್ಲವೂ ಇವೆ. ಅದನ್ನೇ ಫೋಟೋ ತೆಗೆದರೆ ಮೇಜಿನ ಮೇಲಿಟ್ಟ ಆಟಿಕೆ ಆಗಿಬಿಡುತ್ತದೆ. ಮೂತಿ ಉಬ್ಬಿರುತ್ತದೆ, ಹಿಂಭಾಗ ಮಸುಕು, ಬಾನೆಟ್ ಮೇಲೆ ಬಲ್ಬಿನ ಬಿಳಿ ಚುಕ್ಕೆ. ಆಗ ಎಲ್ಲರಿಗೂ ಹೊಳೆಯುವುದು ಒಂದೇ: ತೀರಾ ಹತ್ತಿರದಿಂದ ತೆಗೆಯಲೆಂದೇ ಇರುವ ಮ್ಯಾಕ್ರೋ ಲೆನ್ಸ್ ತೆಗೆದುಕೊಳ್ಳಬೇಕು. ನಾನೂ ಹಾಗೇ ಅಂದುಕೊಂಡು ತೆಗೆದುಕೊಂಡೆ. ಮೂತಿಯ ಉಬ್ಬು ಹೋಯಿತು. ಮಸುಕು ಹಾಗೇ ಉಳಿಯಿತು, ಬಿಳಿ ಚುಕ್ಕೆಯೂ ಅಲ್ಲೇ ಇತ್ತು. ಮೂರು ತೊಂದರೆಗೂ ಕಾರಣ ಬೇರೆ ಬೇರೆ, ಮದ್ದೂ ಬೇರೆ ಬೇರೆ ಎಂದು ತಿಳಿದದ್ದು ಆಮೇಲೆ. ಹಾಗಾಗಿ ಯಾವ ಸಾಮಾನು ಯಾವ ತೊಂದರೆಗೆ ಎಂಬ ಲೆಕ್ಕದಲ್ಲೇ ಇಲ್ಲಿ ಹೋಲಿಸುತ್ತೇನೆ.

ಮೊದಲು ಒಂದು ಗುಣಾಕಾರ

ಕ್ಯಾಮೆರಾ ಕಾರಿನಿಂದ ಎಷ್ಟು ದೂರ ಇದೆಯೋ ಅದನ್ನು ಸ್ಕೇಲಿನಿಂದ ಗುಣಿಸಿ. 1:64 ಕಾರನ್ನು, ಅಂದರೆ ನಿಜವಾದದ್ದಕ್ಕಿಂತ 64 ಪಟ್ಟು ಚಿಕ್ಕದನ್ನು, 4 ಸೆಂ.ಮೀ. ಹತ್ತಿರದಿಂದ ತೆಗೆದರೆ, ನಿಜವಾದ ಕಾರನ್ನು ಎರಡೂವರೆ ಮೀಟರ್ ದೂರದಿಂದ ತೆಗೆದ ಹಾಗೆ. ಅಷ್ಟು ಹತ್ತಿರ ನಿಂತರೆ ನಿಜವಾದ ಕಾರಿನ ಮೂತಿಯೂ ಉಬ್ಬಿಯೇ ಕಾಣುತ್ತದೆ. 10 ಸೆಂ.ಮೀ. ಎಂದರೆ 6.4 ಮೀಟರ್, ರಸ್ತೆಯ ಆಚೆ ಬದಿಯಲ್ಲಿ ನಿಂತು ನೋಡಿದ ಹಾಗೆ. 30 ಸೆಂ.ಮೀ. ಎಂದರೆ 19 ಮೀಟರ್. ದೂರ ನಿಂತು ಉದ್ದನೆಯ ಲೆನ್ಸಿನಲ್ಲಿ ತೆಗೆದ ಜಾಹೀರಾತಿನ ಚಿತ್ರಗಳ ನೋಟ ಬರುವುದು ಅಲ್ಲಿ. ಉಬ್ಬಿದ ಮೂತಿ ಲೆನ್ಸಿನ ತಪ್ಪಲ್ಲ, ನಾವು ನಿಂತ ಜಾಗದ ತಪ್ಪು.

ಎತ್ತರಕ್ಕೂ ಇದೇ ಲೆಕ್ಕ, ಆದರೆ ಭಾಗಾಕಾರ. ನಿಂತ ಮನುಷ್ಯನ ಕಣ್ಣು ನೆಲದಿಂದ ಸುಮಾರು 1.6 ಮೀಟರ್ ಮೇಲಿರುತ್ತದೆ. ಅದು 1:64ರಲ್ಲಿ ಎರಡೂವರೆ ಸೆಂ.ಮೀ., 1:43ರಲ್ಲಿ 3.7, 1:18ರಲ್ಲಿ ಸುಮಾರು 9 ಸೆಂ.ಮೀ. ಕೂತಲ್ಲಿಂದಲೇ ಮೇಜಿನ ಕಡೆ ಬಗ್ಗಿ ತೆಗೆದ ಫೋಟೋ ಎಂದರೆ ಹತ್ತಾರು ಮೀಟರ್ ಎತ್ತರದ ಕಟ್ಟಡದ ಮೇಲಿಂದ ಕಾರನ್ನು ನೋಡಿದಂತೆ. ಆಟಿಕೆಯಂತೆ ಕಾಣಲು ಅದೊಂದೇ ಸಾಕು. ನಿಜವಾದ ಕಾರಿನ ಫೋಟೋ ತೆಗೆಯುವವರು ಮಂಡಿಯೂರಿ ಹೆಡ್‌ಲೈಟಿನ ಎತ್ತರಕ್ಕೆ ಇಳಿಯುತ್ತಾರೆ. ಅದು 1:64ರಲ್ಲಿ ಒಂದು ಸೆಂ.ಮೀ. ಚಿಲ್ಲರೆ ಅಷ್ಟೇ.

ಒಂದು ಎಚ್ಚರಿಕೆ. ಹಾಟ್ ವೀಲ್ಸ್, ಮ್ಯಾಚ್‌ಬಾಕ್ಸ್‌ನಂಥ ಚಿಕ್ಕ ಕಾರುಗಳೆಲ್ಲ ಕರಾರುವಾಕ್ಕಾಗಿ 1:64 ಅಲ್ಲ. ಪ್ಯಾಕಿಗೆ ಹೊಂದುವ ಅಳತೆಗೆ ಮಾಡಿದವೇ ಜಾಸ್ತಿ. ಹಾಗಾಗಿ ಪುಟ್ಟ ಕಾರೂ ದೊಡ್ಡ ಟ್ರಕ್ಕೂ ಹೆಚ್ಚುಕಮ್ಮಿ ಒಂದೇ ಉದ್ದ ಇರುತ್ತವೆ. ನಿಜವಾದ ಗಾಡಿಯ ಉದ್ದವನ್ನು ಮಾಡೆಲ್‌ನ ಉದ್ದದಿಂದ ಭಾಗಿಸಿದರೆ ನಿಮ್ಮ ಕೈಯಲ್ಲಿರುವುದರ ಸರಿಯಾದ ಸ್ಕೇಲ್ ಸಿಗುತ್ತದೆ.

ಫೋನ್: ಗೆಲ್ಲುವ ಕಡೆ ಪೂರ್ತಿ ಗೆಲ್ಲುತ್ತದೆ

ಎತ್ತರದ ಲೆಕ್ಕದಲ್ಲಿ ಫೋನಿಗೆ ಸಾಟಿ ಇಲ್ಲ. ತಲೆಕೆಳಗು ಮಾಡಿ ಹಿಡಿದರೆ ಲೆನ್ಸು ನೆಲಕ್ಕೆ ತಾಕುವಷ್ಟು ಕೆಳಗೆ ಬರುತ್ತದೆ. ದೊಡ್ಡ ಕ್ಯಾಮೆರಾದ ಲೆನ್ಸು ಏಳೆಂಟು ಸೆಂ.ಮೀ. ಅಗಲ ಇರುತ್ತದೆ. ಅದನ್ನು ಮೇಜಿನ ಮೇಲೇ ಇಟ್ಟರೂ ಅದರ ನಡು ನಾಲ್ಕು ಸೆಂ.ಮೀ. ಮೇಲಿರುತ್ತದೆ. 1:64 ಲೋಕದಲ್ಲಿ ಅದು ಮೊದಲ ಮಹಡಿಯ ಹತ್ತಿರ ಹತ್ತಿರ! ಕ್ಯಾಮೆರಾ ಬಳಸುವವರು ಕಾರನ್ನು ಮೇಜಿನ ಅಂಚಿಗೆ ತರಬೇಕು, ಇಲ್ಲವೇ ನಾಲ್ಕು ದಪ್ಪ ಪುಸ್ತಕ ಪೇರಿಸಿ ಅದರ ಮೇಲಿಡಬೇಕು.

ಫೋನ್ ಸೋಲುವುದು ಮ್ಯಾಕ್ರೋ ಮೋಡಿನಲ್ಲಿ. ಹೆಸರು ಕೇಳಿದರೆ ಇದಕ್ಕೆಂದೇ ಮಾಡಿದ ಹಾಗಿದೆ. ಆದರೆ ಬಹಳಷ್ಟು ಫೋನ್‌ಗಳಲ್ಲಿ ಅದು ಅಲ್ಟ್ರಾ ವೈಡ್ ಲೆನ್ಸಿನ ಕೆಲಸ. 2021ರ ಐಫೋನ್ 13 ಪ್ರೊ ಹೀಗೆ 2 ಸೆಂ.ಮೀ.ವರೆಗೆ ಫೋಕಸ್ ಮಾಡುತ್ತದೆ. ಗುಣಿಸಿ ನೋಡಿ: 64 ಪಟ್ಟು ಎಂದರೆ 1.3 ಮೀಟರ್. ಕಾರಿನ ಬಂಪರ್‌ಗೆ ಮುಖ ಒಡ್ಡಿ ನಿಂತ ಹಾಗೆ. ಲೋಗೋ, ಚಕ್ರದ ನಡುವಿನ ಕ್ಯಾಪು, ಸೀಟಿನ ಹೊಲಿಗೆಯಂಥ ಒಂದೊಂದೇ ಭಾಗಕ್ಕೆ ಅದು ಚೆನ್ನ. ಇಡೀ ಕಾರಿಗೆ ಬೇಡವೇ ಬೇಡ. ಕೆಲವು ಫೋನ್‌ಗಳಲ್ಲಿ ಬೇರೆಯೇ ಒಂದು 2 ಮೆಗಾಪಿಕ್ಸೆಲ್ ಮ್ಯಾಕ್ರೋ ಕ್ಯಾಮೆರಾ ಇರುತ್ತದೆ. ಅದನ್ನು ಮರೆತುಬಿಡಿ. ಮುಖ್ಯ ಕ್ಯಾಮೆರಾದಲ್ಲಿ ದೂರದಿಂದ ತೆಗೆದು ಕ್ರಾಪ್ ಮಾಡಿದರೆ ಅದಕ್ಕಿಂತ ಎಷ್ಟೋ ಮೇಲು.

ನನ್ನ ಸಲಹೆ ಇಷ್ಟು. ಹತ್ತಿರ ಹೋದಾಗ ತಾನಾಗಿ ಮ್ಯಾಕ್ರೋಗೆ ಬದಲಾಗುವ ಸೆಟ್ಟಿಂಗ್ ಇದ್ದರೆ ಆಫ್ ಮಾಡಿ. 25 ಸೆಂ.ಮೀ. ಹಿಂದೆ ಸರಿಯಿರಿ. 2 ಪಟ್ಟು ಜೂಮ್ ಹಾಕಿ ಅಥವಾ ಆಮೇಲೆ ಕ್ರಾಪ್ ಮಾಡಿ. ಕೆಲವು ಹೊಸ ಫೋನ್‌ಗಳ ಟೆಲಿ ಲೆನ್ಸೇ (ದೂರದ್ದನ್ನು ಹತ್ತಿರ ತೋರಿಸುವ ಲೆನ್ಸ್) ತೀರಾ ಹತ್ತಿರದಿಂದ ಫೋಕಸ್ ಮಾಡುತ್ತದೆ. ನಿಮ್ಮದು ಅಂಥದ್ದಾದರೆ ಮಾಡೆಲ್ ಕಾರಿಗೆ ಫೋನಿನಲ್ಲಿ ಅದಕ್ಕಿಂತ ಒಳ್ಳೆಯದು ಇಲ್ಲ. ಪೋರ್ಟ್ರೇಟ್ ಮೋಡ್ ಮಾತ್ರ ಹಾಕಬೇಡಿ. ಅದು ಸೈಡ್ ಮಿರರ್, ಆಂಟೆನಾಗಳನ್ನು ಹಿನ್ನೆಲೆ ಎಂದುಕೊಂಡು ಅಳಿಸಿಹಾಕುತ್ತದೆ. ಜೊತೆಗೆ ಬ್ಲರ್ ಜಾಸ್ತಿ ಆದಷ್ಟೂ ಕಾರು ಚಿಕ್ಕದಾಗಿ ಕಾಣುತ್ತದೆ. ನಿಜವಾದ ಊರಿನ ಫೋಟೋವನ್ನು ಆಟಿಕೆಯ ಊರಿನಂತೆ ತೋರಿಸಬೇಕೆಂದರೆ ಜನ ಮೇಲೂ ಕೆಳಗೂ ಬ್ಲರ್ ಹಾಕುತ್ತಾರಲ್ಲ, ಅದೇ ಮೋಸ ಇದು. ನಮಗೆ ಬೇಕಿರುವುದು ಅದಕ್ಕೆ ಪೂರಾ ಉಲ್ಟಾ.

ಚಿಕ್ಕ ಸೆನ್ಸರ್ (ಕ್ಯಾಮೆರಾದೊಳಗೆ ಚಿತ್ರ ಹಿಡಿಯುವ ಚಿಪ್) ಇಲ್ಲಿ ಹೇಗೆ ವರವಾಗುತ್ತದೆ ಎಂಬುದಕ್ಕೆ ಅಮೆರಿಕದ ಮೈಕಲ್ ಪಾಲ್ ಸ್ಮಿತ್ ಅವರ ಕೆಲಸ ನೋಡಬೇಕು. 1:24 ಸ್ಕೇಲಿನ ಹಳೆಯ ಕಾರುಗಳನ್ನು ಹೊರಗೆ ಮೇಜಿನ ಮೇಲಿಟ್ಟು, ಹಿಂದೆ ದೂರದಲ್ಲಿರುವ ನಿಜವಾದ ಮರ, ಮನೆಗಳ ಜೊತೆ ಸಾಲು ಹೊಂದಿಸಿ ತೆಗೆಯುತ್ತಿದ್ದರು. ಬಳಸಿದ್ದು ಸಾಧಾರಣ ಪಾಯಿಂಟ್ ಅಂಡ್ ಶೂಟ್ ಕ್ಯಾಮೆರಾ. ಅಂಥ ಕ್ಯಾಮೆರಾದ ಸೆನ್ಸರ್ ಬೆರಳಿನ ಉಗುರಿಗಿಂತ ಚಿಕ್ಕದು. ಹಾಗಾಗಿ ಹತ್ತಿರದ ಕಾರೂ ದೂರದ ಬೀದಿಯೂ ಸಾಕಷ್ಟು ಸ್ಪಷ್ಟವಾಗಿ ಸಿಗುತ್ತವೆ. ಈಗಿನ ದುಬಾರಿ ಫೋನ್‌ಗಳಲ್ಲಿ ಸೆನ್ಸರ್ ದೊಡ್ಡದಾಗುತ್ತಾ ಈ ಅನುಕೂಲ ಕಮ್ಮಿಯಾಗಿದೆ. ಹಳೆಯ ಡಿಜಿಟಲ್ ಕ್ಯಾಮೆರಾ ಡ್ರಾಯರ್‌ನಲ್ಲಿದ್ದರೆ ಎಸೆಯಬೇಡಿ.

ಕ್ಯಾಮೆರಾ ಜೊತೆಗೇ ಬರುವ ಕಿಟ್ ಲೆನ್ಸ್: ಇದ್ದದ್ದನ್ನೇ ಒಮ್ಮೆ ನೋಡಿ

ಮ್ಯಾಕ್ರೋ ಲೆನ್ಸ್ 1:1 ಎನ್ನುತ್ತಾರೆ. ಅಂದರೆ ವಸ್ತು ಎಷ್ಟು ದೊಡ್ಡದೋ ಸೆನ್ಸರ್ ಮೇಲೂ ಅಷ್ಟೇ ದೊಡ್ಡದಾಗಿ ಬೀಳುತ್ತದೆ. ಲೆನ್ಸ್ ಬದಲಿಸುವ ಬಹಳಷ್ಟು ಕ್ಯಾಮೆರಾಗಳಲ್ಲಿರುವ ಎಪಿಎಸ್-ಸಿ ಎಂಬ ಅಳತೆಯ ಸೆನ್ಸರ್ ಅಗಲ ಸುಮಾರು 23 ಮಿ.ಮೀ. ಹಾಗಾದರೆ 1:1ರಲ್ಲಿ 23 ಮಿ.ಮೀ. ಜಾಗ ಮಾತ್ರ ಕಾಣುತ್ತದೆ. ನಾಲ್ಕೂವರೆ ಮೀಟರ್ ಉದ್ದದ ಕಾರು 1:64ರಲ್ಲಿ 70 ಮಿ.ಮೀ. ಇರುತ್ತದೆ. ಅದರ ಮೂರನೇ ಒಂದು ಭಾಗವಷ್ಟೇ ಫ್ರೇಮಿಗೆ ಬಂತು! ಇಡೀ ಕಾರು, ಸುತ್ತ ಸ್ವಲ್ಪ ಜಾಗ ಬೇಕೆಂದರೆ 0.26 ಪಟ್ಟು ಸಾಕು. 18–55 ಮಿ.ಮೀ. ಕಿಟ್ ಲೆನ್ಸ್‌ಗಳಲ್ಲಿ ಹಲವು 0.3 ಪಟ್ಟು ಅಥವಾ ಅದಕ್ಕೂ ಜಾಸ್ತಿ ಕೊಡುತ್ತವೆ. ಇಡೀ ಕಾರಿನ ಫೋಟೋಗೆ ಮ್ಯಾಕ್ರೋ ಲೆನ್ಸ್ ಬೇಕಿಲ್ಲ. ಕಲೆಕ್ಷನ್‌ನಲ್ಲಿ 1:43, 1:18ಗಳೇ ಇದ್ದರಂತೂ ಯೋಚನೆಯೇ ಬೇಡ.

ಲೆನ್ಸನ್ನು 55ಕ್ಕೆ ತಿರುಗಿಸಿ, ಆದಷ್ಟು ಹತ್ತಿರ ಹೋಗಿ, ಅಪರ್ಚರ್ ಅಂದರೆ ಲೆನ್ಸಿನ ಬೆಳಕಿನ ಕಿಂಡಿಯನ್ನು ಎಫ್/11ಕ್ಕೆ ಇಡಿ (ನಂಬರು ದೊಡ್ಡದಾದಷ್ಟೂ ಕಿಂಡಿ ಚಿಕ್ಕದು, ಸ್ಪಷ್ಟವಾಗಿ ಸಿಗುವ ಆಳ ಜಾಸ್ತಿ), ಟ್ರೈಪಾಡ್ ಹಾಕಿ, ಎರಡು ಸೆಕೆಂಡ್ ಟೈಮರ್ ಇಟ್ಟು ತೆಗೆಯಿರಿ. ಇದರಿಂದ ಏನು ಸಿಗಲಿಲ್ಲ ಎಂದು ನೋಡಿದ ಮೇಲೆ ಮುಂದಿನದು ಯೋಚಿಸಿ.

ಟ್ಯೂಬ್, ಕ್ಲೋಸಪ್ ಫಿಲ್ಟರ್, ತಿರುಗಿಸಿ ಹಾಕುವ ಲೆನ್ಸ್

ಹೆಡ್‌ಲೈಟ್ ತುಂಬ ಹತ್ತಿರದಿಂದ ಬೇಕು, ಗ್ರಿಲ್ ಮಾತ್ರ ಬೇಕು ಎಂದಾಗ ಇವುಗಳ ಸರದಿ. ನನಗೆ ಹೆಚ್ಚು ಇಷ್ಟ ಎಕ್ಸ್‌ಟೆನ್ಷನ್ ಟ್ಯೂಬ್. ಒಳಗೆ ಗಾಜೇ ಇಲ್ಲದ ಖಾಲಿ ಕೊಳವೆ ಅದು. ಲೆನ್ಸನ್ನು ಸೆನ್ಸರ್‌ನಿಂದ ದೂರ ತಳ್ಳುತ್ತದೆ, ಅಷ್ಟೇ. ಟ್ಯೂಬಿನ ಉದ್ದವನ್ನು ಲೆನ್ಸಿನ ಫೋಕಲ್ ಲೆಂತ್‌ನಿಂದ (ಲೆನ್ಸಿನ ಹೆಸರಿನಲ್ಲಿರುವ ಮಿ.ಮೀ. ಸಂಖ್ಯೆ) ಭಾಗಿಸಿದರೆ ಎಷ್ಟು ಪಟ್ಟು ಸೇರಿತು ಎಂದು ಗೊತ್ತಾಗುತ್ತದೆ. 50 ಮಿ.ಮೀ. ಲೆನ್ಸಿಗೆ 12 ಮಿ.ಮೀ. ಟ್ಯೂಬ್ ಹಾಕಿದರೆ 0.24 ಸೇರುತ್ತದೆ. ಲೆನ್ಸಿಗೆ ಮೊದಲೇ ಇರುವ 0.15 ಕೂಡಿಸಿದರೆ ಹತ್ತಿರ ಹತ್ತಿರ 0.4. ಎದುರಿನಿಂದ ತೆಗೆದ 1:64 ಕಾರು ಫ್ರೇಮಿನ ಅರ್ಧ ಅಗಲ ತುಂಬುವಷ್ಟು. ಕೊಳ್ಳುವಾಗ ಎಲೆಕ್ಟ್ರಿಕ್ ಕಾಂಟ್ಯಾಕ್ಟ್ ಇರುವುದನ್ನೇ ಕೊಳ್ಳಿ. ಇಲ್ಲದಿದ್ದರೆ ಅನೇಕ ಲೆನ್ಸ್‌ಗಳಲ್ಲಿ ಅಪರ್ಚರ್ ಬದಲಿಸಲು ಆಗುವುದಿಲ್ಲ. ನಮ್ಮ ಕೆಲಸಕ್ಕೆ ಅಪರ್ಚರ್ ಇಲ್ಲದಿದ್ದರೆ ಏನೂ ಇಲ್ಲದ ಹಾಗೆ.

ಕ್ಲೋಸಪ್ ಫಿಲ್ಟರ್ ಹಾಕುವುದು ಸುಲಭ, ಲೆನ್ಸಿನ ಮುಂದೆ ತಿರುಗಿಸಿದರೆ ಆಯ್ತು. ಒಂದೇ ಗಾಜಿನವು ಅಂಚುಗಳಲ್ಲಿ ಬಣ್ಣದ ಗೆರೆ ಬಿಡುತ್ತವೆ. ಕ್ರೋಮ್ ಬಂಪರ್ ಮೇಲೆ ಆ ನೇರಳೆ ಗೆರೆ ಎದ್ದು ಕಾಣುತ್ತದೆ. ಎರಡು ಮೂರು ಗಾಜು ಸೇರಿಸಿ ಮಾಡಿದ ಅಕ್ರೋಮ್ಯಾಟ್ ಬೇರೆಯೇ ಮಾತು. ಕ್ಯಾನನ್ 500ಡಿ, ರೇನಾಕ್ಸ್ ಡಿಸಿಆರ್-250 ಆ ಜಾತಿಯವು. ಉದ್ದನೆಯ ಜೂಮ್ ಲೆನ್ಸ್ ಇದ್ದವರಿಗೆ ಟ್ಯೂಬಿಗಿಂತ ಇದೇ ಒಳ್ಳೆಯದು. 200 ಮಿ.ಮೀ. ಲೆನ್ಸಿಗೆ 12 ಮಿ.ಮೀ. ಟ್ಯೂಬ್ ಹಾಕಿದರೆ ಏನೂ ಬದಲಾದಂತೆ ಕಾಣುವುದಿಲ್ಲ. ಲೆನ್ಸನ್ನು ಉಲ್ಟಾ ತಿರುಗಿಸಿ ಹಾಕುವ ಉಂಗುರವೂ ಸಿಗುತ್ತದೆ. ಕಾರಿನ ಫೋಟೋಗೆ ಅದು ಅತಿಯಾಯಿತು, ಕೀಟದ ಕಣ್ಣು ತೆಗೆಯುವವರಿಗೆ ಇರಲಿ.

ಮ್ಯಾಕ್ರೋ ಲೆನ್ಸ್: 60 ಅಥವಾ 100?

ಇಷ್ಟೆಲ್ಲ ಆದ ಮೇಲೂ ಮ್ಯಾಕ್ರೋ ಬೇಕು ಎನಿಸಿದರೆ ಕೊಳ್ಳಿ, ಪಶ್ಚಾತ್ತಾಪ ಪಡುವುದಿಲ್ಲ. ಗೆರೆಗಳು ಮೂಲೆಯವರೆಗೂ ನೇರ, ಬಣ್ಣದ ಅಂಚು ಸ್ವಚ್ಛ. ಆದರೆ ಆರಿಸುವಾಗ ಮತ್ತೆ ಅದೇ ಗುಣಾಕಾರ ಮಾಡಿ. ಎಪಿಎಸ್-ಸಿ ಕ್ಯಾಮೆರಾದಲ್ಲಿ ಇಡೀ 1:64 ಕಾರು ಫ್ರೇಮಿನಲ್ಲಿ ಕೂರಬೇಕಾದರೆ 100 ಮಿ.ಮೀ. ಲೆನ್ಸನ್ನು ಸುಮಾರು ಅರ್ಧ ಮೀಟರ್ ಹಿಂದೆ ಇಡಬೇಕು. ಅದು 30 ಮೀಟರ್ ದೂರದ ನೋಟ. ಕಾರು ಚಪ್ಪಟೆಯಾಗಿ, ಶಾಂತವಾಗಿ ಕಾಣುತ್ತದೆ. 60 ಮಿ.ಮೀ.ಗೆ ಸುಮಾರು 30 ಸೆಂ.ಮೀ., ಅಂದರೆ 19 ಮೀಟರ್. 35 ಮಿ.ಮೀ.ಗೆ 17 ಸೆಂ.ಮೀ., ಅಂದರೆ 11 ಮೀಟರ್, ಇನ್ನೂ ಹತ್ತಿರ ನಿಂತ ಅನುಭವ. ಚಿಟ್ಟೆ ತೆಗೆಯುವವರು 100 ಬೇಕೆನ್ನುತ್ತಾರೆ, ಏಕೆಂದರೆ ಹತ್ತಿರ ಹೋದರೆ ಚಿಟ್ಟೆ ಹಾರಿಹೋಗುತ್ತದೆ. ನಮ್ಮ ಕಾರು ಎಲ್ಲಿಗೂ ಹೋಗುವುದಿಲ್ಲ. ನನ್ನ ಆಯ್ಕೆ 50–60. 100ರ ಲಾಭ ಒಂದಿದೆ: ಲೆನ್ಸು ಮತ್ತು ಕಾರಿನ ನಡುವೆ ದೀಪ ಇಡಲು ಜಾಗ ಸಿಗುತ್ತದೆ, ಲೆನ್ಸಿನ ನೆರಳು ಕಾರಿನ ಮೇಲೆ ಬೀಳುವುದಿಲ್ಲ. ತೀರಾ ಸಣ್ಣ ಭಾಗಗಳನ್ನೇ ಜಾಸ್ತಿ ತೆಗೆಯುವವರು 100 ತೆಗೆದುಕೊಳ್ಳಲಿ.

ಹಳೆಯ ಮ್ಯಾನುಯಲ್ ಲೆನ್ಸುಗಳನ್ನೂ ಮರೆಯಬೇಡಿ. ನಿಕಾನ್‌ನ 55 ಮಿ.ಮೀ. ಮೈಕ್ರೋ-ನಿಕ್ಕರ್ ತಾನಾಗಿ ಅರ್ಧ ಪಟ್ಟಿನವರೆಗೆ ಹೋಗುತ್ತದೆ. ಫುಲ್ ಫ್ರೇಮಿನಲ್ಲಿ (36 ಮಿ.ಮೀ. ಅಗಲದ ಸೆನ್ಸರ್) ಅರ್ಧ ಪಟ್ಟು ಎಂದರೆ 72 ಮಿ.ಮೀ. ಅಗಲದ ನೋಟ, ಸರಿಯಾಗಿ ಒಂದು 1:64 ಕಾರು! ನಿಂತ ಕಾರಿಗೆ ಆಟೋಫೋಕಸ್ ಯಾಕೆ ಬೇಕು?

ಇನ್ನೊಂದು ವಿಷಯ. ಮ್ಯಾಕ್ರೋ ಲೆನ್ಸಿಗೆ ದಾಕ್ಷಿಣ್ಯ ಇಲ್ಲ. ನಿಜವಾದ ಕಾರಿನ ಹತ್ತು ಸೆಂ.ಮೀ. ಲೋಗೋ 1:64ರಲ್ಲಿ ಒಂದೂವರೆ ಮಿ.ಮೀ. ಮಾತ್ರ. ಸಾಧಾರಣ ಮಾಡೆಲ್‌ಗಳಲ್ಲಿ ಅದು ಅಚ್ಚು ಒತ್ತಿದ ಬಣ್ಣ. ಹತ್ತಿರ ಹೋದರೆ ಅಂಚು ಕದಡಿರುವುದು, ಪ್ಲಾಸ್ಟಿಕ್ ಅಚ್ಚಿನ ಗೆರೆ, ಎಲ್ಲವೂ ಕಾಣುತ್ತವೆ. ಬಾಗಿಲು, ಬಾನೆಟ್ ತೆರೆಯುವ, ಎಂಜಿನ್ನಿನ ವೈರು ಕೂಡ ಮಾಡಿರುವ 1:18 ಕಾರುಗಳಿಗೆ ಮ್ಯಾಕ್ರೋ ತಕ್ಕ ಗೌರವ. ಚಿಕ್ಕ ಕಾರುಗಳಿಗೆ ಎರಡು ಹೆಜ್ಜೆ ಹಿಂದೆ ನಿಂತ ನೋಟವೇ ಚೆಂದ.

ಎಫ್/16 ಅಥವಾ ಸ್ಟ್ಯಾಕಿಂಗ್?

ಈಗ ಮಸುಕಿನ ವಿಷಯ. ಲೆನ್ಸ್ ಬದಲಿಸಿದರೆ ಇದು ಹೋಗುವುದಿಲ್ಲ. ಎಪಿಎಸ್-ಸಿಯಲ್ಲಿ ಇಡೀ ಕಾರು ಫ್ರೇಮಿನಲ್ಲಿದ್ದಾಗ, ಎಫ್/16 ಇಟ್ಟರೆ ಸ್ಪಷ್ಟವಾಗಿ ಸಿಗುವ ಆಳ 1:64ಕ್ಕೆ ಸುಮಾರು 12 ಮಿ.ಮೀ., 1:43ಕ್ಕೆ 25 ಮಿ.ಮೀ., 1:18ಕ್ಕೆ ಸುಮಾರು 13 ಸೆಂ.ಮೀ. ಕಾರಿನ ಉದ್ದದ ಜೊತೆ ಹೋಲಿಸಿ: ಮೊದಲನೆಯದರಲ್ಲಿ ಆರನೇ ಒಂದು ಭಾಗ, ಕೊನೆಯದರಲ್ಲಿ ಅರ್ಧ. ಚಿಕ್ಕ ಕಾರು ಯಾಕೆ ಅಷ್ಟು ಕಷ್ಟ ಕೊಡುತ್ತದೆ ಎಂಬುದಕ್ಕೆ ಉತ್ತರ ಇದರಲ್ಲಿದೆ.

ಪೂರ್ತಿ ಪಕ್ಕದಿಂದ ತೆಗೆಯುವುದಾದರೆ ಚಿಂತೆ ಇಲ್ಲ. ಬಾಗಿಲು, ಚಕ್ರ, ಫೆಂಡರ್ ಎಲ್ಲ ಹೆಚ್ಚುಕಮ್ಮಿ ಒಂದೇ ದೂರದಲ್ಲಿವೆ, 12 ಮಿ.ಮೀ. ಸಾಕು. ಮುಂದಿನ ಮೂಲೆಯಿಂದ ಓರೆಯಾಗಿ ತೆಗೆಯುವ ನೋಟ ಎಲ್ಲರಿಗೂ ಇಷ್ಟ, ತೊಂದರೆಯೂ ಅಲ್ಲೇ. ಆ ಕೋನದಲ್ಲಿ 1:64 ಕಾರಿನ ಆಳ 60 ಮಿ.ಮೀ. ದಾಟುತ್ತದೆ. ಎಫ್/22, ಎಫ್/32ಕ್ಕೆ ಇಳಿಸಿದರೆ? ಆಳ ಬರುತ್ತದೆ, ಆದರೆ ಡಿಫ್ರಾಕ್ಷನ್‌ನಿಂದ (ತೀರಾ ಚಿಕ್ಕ ಕಿಂಡಿಯಲ್ಲಿ ತೂರುವ ಬೆಳಕು ಹರಡುವುದರಿಂದ) ಇಡೀ ಚಿತ್ರವೇ ಮೆತ್ತಗಾಗುತ್ತದೆ. ಹತ್ತಿರದ ಫೋಟೋದಲ್ಲಿ ಇದು ಇನ್ನೂ ಬೇಗ ಬರುತ್ತದೆ. 1:1ರಲ್ಲಿ ಎಫ್/16 ಇಟ್ಟರೆ ಅದು ಕೆಲಸ ಮಾಡುವುದು ಎಫ್/32ರ ಹಾಗೆ.

ಆಗ ಸ್ಟ್ಯಾಕಿಂಗ್. ಎಫ್/8 ಇಟ್ಟು, ಮುಂದಿನ ಬಂಪರ್‌ನಿಂದ ಹಿಂದಿನ ದೀಪದವರೆಗೆ ಫೋಕಸ್ ಸ್ವಲ್ಪ ಸ್ವಲ್ಪ ಸರಿಸುತ್ತಾ 15–20 ಫೋಟೋ ತೆಗೆದು ಸಾಫ್ಟ್‌ವೇರ್‌ನಲ್ಲಿ ಒಂದು ಮಾಡುವುದು. ಫೋಕಸ್ ಬ್ರಾಕೆಟಿಂಗ್ ಇರುವ ಕ್ಯಾಮೆರಾ ಆದರೆ ಅದೇ ಸರಿಸುತ್ತಾ ಹೋಗುತ್ತದೆ. ಹೆಲಿಕಾನ್ ಫೋಕಸ್ ಮತ್ತು ಜೆರೀನ್ ಸ್ಟ್ಯಾಕರ್ ಇದಕ್ಕೆಂದೇ ಇರುವ ಸಾಫ್ಟ್‌ವೇರ್‌ಗಳು. ಫೋಟೋಶಾಪ್ ಕೂಡ ಮಾಡುತ್ತದೆ, ಆದರೆ ಅಂಚುಗಳಲ್ಲಿ ಕೈಕೆಲಸ ಜಾಸ್ತಿ ಬೇಕಾಗುತ್ತದೆ. ಜೆರೀನ್‌ನಲ್ಲಿ ಎರಡು ವಿಧಾನ ಇವೆ. ಪಿಮ್ಯಾಕ್ಸ್ ಗ್ರಿಲ್, ವೈಪರ್‌ನಂಥ ಸಣ್ಣ ಎಳೆಗಳನ್ನು ಚೆನ್ನಾಗಿ ಹಿಡಿಯುತ್ತದೆ, ಆದರೆ ನುಣುಪಾದ ಪೇಂಟಿನಲ್ಲಿ ನಾಯ್ಸ್, ಅಂದರೆ ಕಾಳು ಕಾಳು, ತರುತ್ತದೆ. ಡಿಮ್ಯಾಪ್ ಪೇಂಟನ್ನು ನುಣುಪಾಗಿ ಉಳಿಸುತ್ತದೆ. ನಾನು ಎರಡನ್ನೂ ಮಾಡಿ, ಬಾಡಿಗೆ ಡಿಮ್ಯಾಪ್, ಗ್ರಿಲ್ಲಿಗೆ ಪಿಮ್ಯಾಕ್ಸ್ ಸೇರಿಸುತ್ತೇನೆ.

1:18 ಕಾರಿಗೆ ಸ್ಟ್ಯಾಕಿಂಗ್ ಮಾಡಲೇಬೇಕೆಂದಿಲ್ಲ. ಎಫ್/16 ಇಟ್ಟು ಹೆಡ್‌ಲೈಟಿಗಿಂತ ಸ್ವಲ್ಪ ಹಿಂದೆ ಫೋಕಸ್ ಮಾಡಿ. ಬಾಲ ಸ್ವಲ್ಪ ಮೆತ್ತಗಾದರೆ ಕಣ್ಣು ಒಪ್ಪುತ್ತದೆ.

ಬೆಳಕು: ಲೆನ್ಸಿಗಿಂತ ದೊಡ್ಡ ಆಯ್ಕೆ

ಹೊಳೆಯುವ ಪೇಂಟ್ ಒಂದು ಕನ್ನಡಿ. ಅದಕ್ಕೆ ಎಷ್ಟು ಬೆಳಕು ಬಿತ್ತು ಎಂಬುದಕ್ಕಿಂತ, ಅದರಲ್ಲಿ ಏನು ಪ್ರತಿಬಿಂಬ ಕಂಡಿತು ಎಂಬುದೇ ಮುಖ್ಯ. ಬಾನೆಟ್ ಮೇಲಿನ ಬಿಳಿ ಚುಕ್ಕೆ ಎಂದರೆ ಬಲ್ಬಿನ ಮುಖ. ದೀಪವನ್ನು ದೊಡ್ಡದು ಮಾಡಿದರೆ ಚುಕ್ಕೆ ಹರಡಿ ಹೊಳಪಾಗುತ್ತದೆ. ದೀಪದ ಮುಂದೆ ಒಂದು ಹಾಳೆ ಬಟರ್ ಪೇಪರ್ ಕಟ್ಟಿದರೂ ಸಾಕು.

ಲೈಟ್ ಬಾಕ್ಸ್, ಅಂದರೆ ಎಲ್ಲ ಕಡೆ ಬಿಳಿ ಬಟ್ಟೆಯ ಡಬ್ಬ, ಕಲೆಕ್ಷನ್ನಿನ ಪಟ್ಟಿ ಮಾಡುವವರಿಗೆ, ಮಾರುವವರಿಗೆ ಒಳ್ಳೆಯದು. ಬಣ್ಣ ಸರಿಯಾಗಿ ಬರುತ್ತದೆ, ನೂರು ಕಾರನ್ನೂ ಒಂದೇ ಥರ ತೆಗೆಯಬಹುದು. ಆದರೆ ಸುತ್ತಲೂ ಬಿಳಿ ಕಂಡ ಕಾರಿಗೆ ಉಬ್ಬುತಗ್ಗು ಉಳಿಯುವುದಿಲ್ಲ. ಕಿಟಕಿಯ ಬೆಳಕು ಎಷ್ಟೋ ಜೀವಂತ. ತೊಂದರೆ ಎಂದರೆ ಕಿಟಕಿಯ ಸರಳುಗಳೂ ಬಾನೆಟ್ ಮೇಲೆ ಮೂಡುತ್ತವೆ, ಒಂದು ಬಿಳಿ ಬಟ್ಟೆ ಇಳಿಬಿಡಿ. ಸ್ಟ್ಯಾಕಿಂಗ್ ಮಾಡುವಾಗ ಮೋಡ ಬಂದು ಹೋದರೆ 20 ಫೋಟೋಗಳಲ್ಲಿ 20 ಥರ ಬೆಳಕು. ಸ್ಟ್ಯಾಕಿಂಗಿಗೆ ಎಲ್ಇಡಿಯೇ ಸರಿ. ಸಿಆರ್‌ಐ (ದೀಪ ಬಣ್ಣಗಳನ್ನು ಎಷ್ಟು ಸರಿಯಾಗಿ ತೋರಿಸುತ್ತದೆ ಎಂಬ ಅಂಕ) 95ರ ಮೇಲಿರುವುದನ್ನು ಆರಿಸಿ, ಇಲ್ಲದಿದ್ದರೆ ಕೆಂಪು ಕಾರು ಇಟ್ಟಿಗೆ ಬಣ್ಣಕ್ಕೆ ತಿರುಗುತ್ತದೆ. ಕ್ಯಾಮೆರಾದ ಮೇಲೇ ಇರುವ ಫ್ಲಾಶ್ ಬೇಡ.

ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಲೈಟ್ ಪೇಂಟಿಂಗ್. ಕೋಣೆ ಕತ್ತಲು ಮಾಡಿ, ಶಟರ್ 15 ಸೆಕೆಂಡ್ ತೆರೆದಿಟ್ಟು, ಒಂದು ಚಿಕ್ಕ ದೀಪವನ್ನು ಕಾರಿನ ಮೇಲೆ ಉದ್ದಕ್ಕೂ ನಿಧಾನವಾಗಿ ಎಳೆಯುವುದು. ಮೂತಿಯಿಂದ ಬಾಲದವರೆಗೆ ಬೆಳಕಿನ ಒಂದೇ ಗೆರೆ ಮೂಡುತ್ತದೆ. ಕಾರಿನ ಆಕಾರ ಬರೆದ ಕೈ ಏನು ಯೋಚಿಸಿತ್ತು ಎಂಬುದು ಆ ಗೆರೆಯಲ್ಲಿ ಕಾಣುತ್ತದೆ. ಆದರೆ ಇದನ್ನು ಸ್ಟ್ಯಾಕಿಂಗ್ ಜೊತೆ ಸೇರಿಸಲು ಆಗುವುದಿಲ್ಲ, ಕೈ ಪ್ರತಿ ಸಲ ಬೇರೆ ದಾರಿ ಹಿಡಿಯುತ್ತದೆ. ಹಾಗಾಗಿ ಪಕ್ಕದ ನೋಟಕ್ಕೆ ಲೈಟ್ ಪೇಂಟಿಂಗ್, ಓರೆ ನೋಟಕ್ಕೆ ಸ್ಟ್ಯಾಕಿಂಗ್ ಎಂದು ಹಂಚಿಕೊಂಡಿದ್ದೇನೆ.

ಪೇಂಟೂ ಬೆಳಕನ್ನು ಆರಿಸುತ್ತದೆ. 1968ರಲ್ಲಿ ಬಂದ ಮೊದಲ ಹಾಟ್ ವೀಲ್ಸ್ ಕಾರುಗಳ ಸ್ಪೆಕ್ಟ್ರಾಫ್ಲೇಮ್ ಪೇಂಟ್ ನೋಡಿ. ಪಾಲಿಶ್ ಮಾಡಿದ ಲೋಹದ ಮೇಲೆ ಹಚ್ಚಿದ ಪಾರದರ್ಶಕ ಬಣ್ಣ ಅದು. ಮೆತ್ತನೆಯ ಬೆಳಕಿನಲ್ಲಿ ಮಂಕಾಗಿ ಕೂರುತ್ತದೆ, ಒಂದು ಚೂಪು ದೀಪ ಬಿದ್ದರೆ ಒಳಗಿನ ಲೋಹ ಹೊತ್ತಿಕೊಳ್ಳುತ್ತದೆ. ಕಪ್ಪು ಕಾರಿಗೆ ಉಲ್ಟಾ: ದೊಡ್ಡ ಬಿಳಿ ಹಾಳೆಯ ಪ್ರತಿಬಿಂಬ ಇಲ್ಲದಿದ್ದರೆ ಅದಕ್ಕೆ ಆಕಾರವೇ ಇಲ್ಲ. ಪ್ರತಿಬಿಂಬ ತಗ್ಗಿಸುವ ಪೋಲರೈಜರ್ ಫಿಲ್ಟರ್ ವಿಂಡ್‌ಶೀಲ್ಡಿನ ಹೊಳಪು ತೆಗೆಯುತ್ತದೆ, ಕ್ರೋಮ್ ಮೇಲೆ ಅದರ ಆಟ ನಡೆಯುವುದಿಲ್ಲ.

ನೆಲ ಮತ್ತು ಧೂಳು

ರಸ್ತೆಗೆ ಉಪ್ಪುಕಾಗದ, ಅಂದರೆ ಸ್ಯಾಂಡ್‌ಪೇಪರ್ ಚೆನ್ನ. ಆದರೆ ಯಾವ ನಂಬರು? ಟಾರು ರಸ್ತೆಯ ಜಲ್ಲಿಯನ್ನು 10 ಮಿ.ಮೀ. ಎಂದುಕೊಂಡರೆ 1:64ರಲ್ಲಿ ಅದು 0.16 ಮಿ.ಮೀ. 100ರಿಂದ 120 ನಂಬರಿನ ಕಾಗದ ಅದಕ್ಕೆ ಸರಿ. 1:43ಕ್ಕೆ 60–80. 1:18ಕ್ಕೆ 36–40ರ ಒರಟು ಕಾಗದ ಬೇಕು. ಮಣ್ಣಿನ ರಸ್ತೆಗೆ ಮರಳು ಹಾಕುವವರು ಜರಡಿ ಹಿಡಿಯಲೇಬೇಕು, ಅರ್ಧ ಮಿ.ಮೀ. ಮರಳಿನ ಕಣ 1:64ರಲ್ಲಿ ಮೂರು ಸೆಂ.ಮೀ. ಕಲ್ಲು.

ಧೂಳಿಗೂ ಅದೇ ಲೆಕ್ಕ. 0.1 ಮಿ.ಮೀ. ಕಣ ಬಾನೆಟ್ ಮೇಲೆ ಬಿದ್ದರೆ ನಿಜವಾದ ಕಾರಿನ ಮೇಲೆ ಕಡಲೆ ಕಾಳು ಬಿದ್ದಷ್ಟು ದೊಡ್ಡದು. ಬಟ್ಟೆಯಿಂದ ಒರೆಸಿದರೆ ಗೀರು ಬೀಳುತ್ತದೆ, ಎಳೆಯೂ ಅಂಟುತ್ತದೆ. ಮೊದಲು ರಬ್ಬರ್ ಬ್ಲೋವರ್‌ನಿಂದ ಗಾಳಿ ಊದಿ, ಆಮೇಲೆ ಮೆದು ಬ್ರಷ್, ಬೆರಳಚ್ಚಿಗೆ ಮಾತ್ರ ಮೈಕ್ರೋಫೈಬರ್. ಕಾರು ಇಟ್ಟು, ದೀಪ ಹಚ್ಚಿ, ಕ್ಯಾಮೆರಾದ ಪರದೆಯಲ್ಲಿ ಪೂರ್ತಿ ಜೂಮ್ ಮಾಡಿ ಮೂಲೆ ಮೂಲೆ ನೋಡಿ. 20 ಫೋಟೋ ಸ್ಟ್ಯಾಕ್ ಮಾಡಿದ ಮೇಲೆ ವೈಪರ್ ಪಕ್ಕದಲ್ಲಿ ಒಂದು ಹತ್ತಿಯ ಎಳೆ ಕಂಡರೆ, ಅದನ್ನು ಕಂಪ್ಯೂಟರಿನಲ್ಲಿ ತೆಗೆಯುವುದಕ್ಕಿಂತ ಊದಿ ಮತ್ತೆ 20 ತೆಗೆಯುವುದು ಬೇಗ ಮುಗಿಯುತ್ತದೆ.